ಪಬ್ಬಿನಲ್ಲಿ ಗುಜ್ಜೆ

ಈ ಸಲದ ವಿಷಯ ನೋಡಿ ಕೆಲವರು ಹುಬ್ಬೇರಿಸಬಹುದು. ಗಡಿನಾಡಿನ ಕನ್ನಡ ಶಾಲೆಯ ಮಾಷ್ಟ್ರು-ಟೀಚರುಗಳಿಗೆ ಬೆಂಗಳೂರಿನ ಪಬ್ಬಿನ ಉಸಾಬರಿ ಯಾಕೆ ಎಂದು ಕೇಳುವವರು ಕೇಳಲಿ. ನಾವು ಕುಡಿತದ ಪರವಾಗಿ ಬರೆಯುವವರಲ್ಲ ಎಂಬುದು ಶಾಲೆಯ ಸುತ್ತಮುತ್ತಲಿನವರಿಗೆಲ್ಲ ಗೊತ್ತುಂಟು. ವಾರಗಟ್ಟಲೆ ಶಾಲೆಗೆ ಬಾರದ ಹುಡುಗನನ್ನು ಹುಡುಕಿಕೊಂಡು ಮನೆಗೆ ಹೋದರೆ ಜಗಲಿಯಲ್ಲಿ ಅಪ್ಪ ಬಿದ್ದುಕೊಂಡಿರುವುದನ್ನೂ, ಒಳಗೆ ಅಮ್ಮ ಬೀಡಿ ಎಲೆ ಕತ್ತರಿಸುತ್ತಾ ತಲೆ ಎತ್ತದೆ ಉತ್ತರಿಸುವುದನ್ನೂ ಬೇಕಾದಷ್ಟು ನೋಡಿದ್ದೇವೆ. ಕೇರಳದಲ್ಲಿ 1996ರಲ್ಲಿ ಸಾರಾಯಿ ನಿಷೇಧವಾಯಿತು. ಗಡಿಯಾಚೆ ಕರ್ನಾಟಕದಲ್ಲಿ ಆದದ್ದು 2007ರಲ್ಲಿ. ನಡುವಿನ ಆ ಹನ್ನೊಂದು ವರ್ಷ ಕಾಸರಗೋಡಿನ ಗಡಿ ಗ್ರಾಮಗಳಲ್ಲಿ ಸಂಜೆಯಾದ ಮೇಲೆ ಕೆಲವರು ಯಾವ ದಿಕ್ಕಿಗೆ ನಡೆಯುತ್ತಿದ್ದರು ಎಂಬುದನ್ನು ವಿವರಿಸಬೇಕಾಗಿಲ್ಲ ತಾನೇ?

ಪಬ್ ಎಂಬ ಶಬ್ದ ನಮ್ಮ ಕಡೆಯ ಮನೆಮನೆಗೆ ಬಂದದ್ದು ಮಾತ್ರ ಬೇರೆ ದಾರಿಯಿಂದ. 2009ರ ಜನವರಿಯಲ್ಲಿ ಮಂಗಳೂರಿನ ಒಂದು ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದು ಓಡಿಸಿದ ದೃಶ್ಯ ಟಿವಿಯಲ್ಲಿ ದಿನಗಟ್ಟಲೆ ಬಂತಲ್ಲ, ಆಗ. ಅಂದಿನಿಂದ ಆ ಶಬ್ದ ಕೇಳಿದರೆ ಒಂದೋ ಸಿಟ್ಟು, ಒಂದೋ ಹೆದರಿಕೆ. ಒಳಗೆ ಏನಿರುತ್ತದೆ, ಯಾರು ಕೆಲಸ ಮಾಡುತ್ತಾರೆ, ಏನು ತಿನ್ನುತ್ತಾರೆ ಎಂದು ಕೇಳಿದವರು ಕಡಿಮೆ.

ಕಳೆದ ಫೆಬ್ರವರಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ಮದುವೆಯ ಆರತಕ್ಷತೆಗೆಂದು ಕಣ್ಣೂರಿನಿಂದ ಬರುವ ರಾತ್ರಿ ರೈಲು ಹತ್ತಿ ನಾವು ಬೆಂಗಳೂರಿಗೆ ಹೋದೆವು. ನಾವೆಂದರೆ ಮೂವರು. ಕನ್ನಡ ಕಲಿಸುವವರು, ಗಣಿತದವರು, ವಿಜ್ಞಾನದ ಟೀಚರ್. ಮರುದಿನ ಮಧ್ಯಾಹ್ನ ಅದೇ ಬ್ಯಾಚಿನ ನಾಲ್ಕೈದು ಮಕ್ಕಳು (ಮಕ್ಕಳೇನು, ಒಬ್ಬನಿಗೆ ತಲೆ ಅರ್ಧ ಬೋಳಾಗಿದೆ) "ಊಟಕ್ಕೆ ಒಂದು ಕಡೆ ಹೋಗುವ ಸರ್, ನಮ್ಮವನೇ ಅಲ್ಲಿ ಕೆಲಸದಲ್ಲಿದ್ದಾನೆ" ಎಂದು ಕರೆದುಕೊಂಡು ಹೋದರು. ಎಲ್ಲಿಗೆ ಎಂದು ಮೊದಲೇ ಹೇಳಿದರು, ಮುಚ್ಚಿಡಲಿಲ್ಲ. ಬೇಡವಾದರೆ ದರ್ಶಿನಿಗೆ ಹೋಗುವ ಎಂದರು. "ನಮ್ಮ ಹುಡುಗ ಇದ್ದಾನೆಂದರೆ ನೋಡಿಯೇ ಬರುವ" ಎಂದವರು ವಿಜ್ಞಾನದ ಟೀಚರ್.

ಆ ಹುಡುಗನ ಹೆಸರನ್ನೂ ಪಬ್ಬಿನ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಅವನನ್ನು ಕೇಳಿಯೇ ಇದನ್ನು ಬರೆದದ್ದು. ಗುರುತು ಹಿಡಿದವರು ದಯವಿಟ್ಟು ಸುಮ್ಮನಿರಬೇಕು.

ಬೆಂಗಳೂರಿಗೂ ಬಿಯರಿಗೂ ನಂಟು ಹಳೆಯದು. ಐದು ಬ್ರೂವರಿಗಳನ್ನು ಒಟ್ಟು ಸೇರಿಸಿ ಯುನೈಟೆಡ್ ಬ್ರೂವರೀಸ್ ಆದದ್ದು 1915ರಲ್ಲಿ. ವಿಠಲ ಮಲ್ಯ ಅದರ ನಿರ್ದೇಶಕರಾದದ್ದು 1947ರಲ್ಲಿ. 1980ರ ದಶಕದ ಕೊನೆಗೆ ಚರ್ಚ್ ಸ್ಟ್ರೀಟ್ ಸುತ್ತಮುತ್ತ ಪಬ್ಬುಗಳು ಎದ್ದು ಊರಿಗೆ 'ಪಬ್ ಸಿಟಿ' ಎಂಬ ಅಡ್ಡಹೆಸರೂ ಬಂತು. ಆದರೆ ಅಲ್ಲೆಲ್ಲ ಕಾರ್ಖಾನೆಯಿಂದ ಬಂದ ಬಿಯರನ್ನೇ ಸುರಿದು ಕೊಡುತ್ತಿದ್ದರು. ಅಲ್ಲೇ ಕುದಿಸಿ, ಅಲ್ಲೇ ಹುದುಗಿಸಿ, ಅಲ್ಲೇ ಕೊಡುವ ಪದ್ಧತಿ ಇತ್ತೀಚಿನದು. ಪುಣೆಯಲ್ಲಿ ಡೂಲಾಲಿ 2009ರಲ್ಲಿ ಶುರುವಾಯಿತು; ಬೆಂಗಳೂರಿನ ಟಾಯ್ಟ್, ಬಿಯರ್ ಕ್ಲಬ್ ಮುಂತಾದವು 2010–11ರ ಹೊತ್ತಿಗೆ ಬಂದವು. ಈಗ ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್ ಕಡೆ ಹೋದರೆ ನಮ್ಮೂರಿನ ಭಜನಾ ಮಂದಿರಗಳ ಹಾಗೆ ತಿರುವಿಗೊಂದು. ಇದಕ್ಕೆ ಕ್ರಾಫ್ಟ್ ಬಿಯರ್ ಎನ್ನುತ್ತಾರೆ. ಕೈಕಸುಬಿನದ್ದು ಎಂಬ ಅರ್ಥ. ಬೆಲೆಯೂ ಕೈಕಸುಬಿನದ್ದೇ!

ಒಳಗೆ ಹೋದರೆ ನಾವು ಅಂದುಕೊಂಡ ಕತ್ತಲೆಯಿಲ್ಲ. ಎತ್ತರದ ಮಾಡು, ಮಡಕೆಯಲ್ಲಿ ಗಿಡಗಳು, ಹಗಲು ಬೆಳಕು. ಪಕ್ಕದ ಮೇಜಿನಲ್ಲಿ ಅಜ್ಜಿ, ಸೊಸೆ, ಎತ್ತರದ ಕುರ್ಚಿಯಲ್ಲಿ ಕೂತ ಪಾಪು. ಗಾಜಿನ ಗೋಡೆಯಾಚೆ ಆಳೆತ್ತರದ ಸ್ಟೀಲಿನ ಹಂಡೆಗಳು ಸಾಲಾಗಿ. ಸಂಗೀತ ಮಾತ್ರ ಜೋರು. ಗಣಿತದವರು ಎರಡು ಸಲ ಹೇಳಿ ಸ್ವಲ್ಪ ತಗ್ಗಿಸಿದರು. ಶಾಲೆಯ ಅಭ್ಯಾಸ.

ತಿಂಡಿಯ ಪಟ್ಟಿ ತಂದುಕೊಟ್ಟರು. ಏಷ್ಯನ್ ಫ್ಯೂಶನ್ ಅಂತೆ. ಅಂದರೆ ಚೀನಾ, ಜಪಾನ್, ಕೊರಿಯಾ, ಥಾಯ್ಲೆಂಡ್, ವಿಯೆಟ್ನಾಂ ಎಲ್ಲ ಕಡೆಯ ಅಡಿಗೆಯನ್ನು ಒಂದಕ್ಕೊಂದು ಬೆರೆಸಿ, ಅದಕ್ಕೆ ಇಲ್ಲಿನದ್ದೂ ಸ್ವಲ್ಪ ಸೇರಿಸುವುದು. ಇದೇನೋ ಹೊಸ ನಮೂನೆ ಎಂದು ಬೆರಗಾಗುವ ಅಗತ್ಯವಿಲ್ಲ. ನಮ್ಮೂರ ಜಾತ್ರೆಯ ಗೋಬಿ ಮಂಚೂರಿ ಇನ್ನೇನು? ಮುಂಬಯಿಯಲ್ಲಿ ನೆಲ್ಸನ್ ವಾಂಗ್ ಎಂಬವರು 1975ರಲ್ಲಿ ಕೋಳಿಗೆ ನಮ್ಮ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಚೀನಾದ ಸೋಯಾ ಸಾಸ್ ಸೇರಿಸಿ ಮಾಡಿದ್ದೇ ಚಿಕನ್ ಮಂಚೂರಿಯನ್ ಎಂದು ಹೇಳುತ್ತಾರೆ. ಕೋಳಿ ಹೋಗಿ ಹೂಕೋಸು ಬಂತು, ಕೆಂಪು ಬಣ್ಣ ಬಂತು, ಆ ಬಣ್ಣ ಮಿತಿಮೀರಿ 2024ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಕೃತಕ ಬಣ್ಣವನ್ನೇ ನಿಷೇಧಿಸಿತು. ಟಿಬೆಟಿನವರು 1960ರ ದಶಕದ ಆರಂಭದಿಂದಲೂ ಬೈಲಕುಪ್ಪೆಯಲ್ಲಿದ್ದಾರೆ. ಅವರ ಮೊಮೊ ಈಗ ಮಂಗಳೂರಿನ ಬೀದಿಬದಿಯಲ್ಲೂ ಸಿಗುತ್ತದೆ. ಬಿಯರಿನ ಜೊತೆ ಈ ತಿಂಡಿ ಎಂಬುದೂ ಪಬ್ಬಿನವರು ಕಂಡುಹಿಡಿದದ್ದಲ್ಲ. ಚೀನಾದ ಚಿಂಗ್‌ಟಾವ್ ಬ್ರೂವರಿಯನ್ನು ಜರ್ಮನರು ಕಟ್ಟಿದ್ದು 1903ರಲ್ಲಿ. ಹನೋಯಿಯಲ್ಲಿ ಆಯಾ ದಿನದ ತಾಜಾ ಬಿಯರನ್ನು ಬೀದಿಯಲ್ಲಿ ಸ್ಟೂಲು ಹಾಕಿ ಮಾರುತ್ತಾರೆ. ಕೊರಿಯಾದಲ್ಲಿ ಹುರಿದ ಕೋಳಿ ಮತ್ತು ಬಿಯರ್ ಎರಡನ್ನೂ ಸೇರಿಸಿ ಒಂದೇ ಶಬ್ದ ಮಾಡಿಬಿಟ್ಟಿದ್ದಾರೆ, ಚಿಮೆಕ್ ಎಂದು. ಸಮಾಸ ಕಲಿಸುವ ನಮಗೆ ಇದು ಬಹಳ ಹಿಡಿಸಿತು.

ಪಟ್ಟಿಯ ನಡುವೆ ಒಂದು ಸಾಲು ಓದಿ ನಮ್ಮ ಕಣ್ಣು ನಿಂತಿತು. ಗುಜ್ಜೆ! ಇಂಗ್ಲಿಷಿನಲ್ಲಿ ಏನೇನೋ ಬಣ್ಣಿಸಿ ಬರೆದಿದ್ದರು, ಆದರೆ ವಿಷಯ ಗುಜ್ಜೆಯೇ. ಎಳೆ ಹಲಸಿನಕಾಯಿಯನ್ನು ಬೇಯಿಸಿ, ಕೊರಿಯಾದ ಮೆಣಸಿನ ಗೊಜ್ಜಿನಲ್ಲಿ ಹುರಿದು, ಬಾವ್ ಎಂಬ ಬನ್ನಿನೊಳಗೆ ಇಟ್ಟದ್ದು. ಎರಡಕ್ಕೆ 420 ರೂಪಾಯಿ. ತೋಟದ ಬದಿಯಲ್ಲಿ ಉದುರಿ ಕೊಳೆಯುವುದನ್ನು ನೋಡಿ ಬೆಳೆದ ನಮಗೆ ಆ ಅಂಕಿಯನ್ನು ಎರಡು ಸಲ ಓದಬೇಕಾಯಿತು. 2018ರ ಮಾರ್ಚಿನಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿದಾಗ ನಾವು ಶಾಲೆಯಲ್ಲಿ ಮಕ್ಕಳಿಂದ ಹಲಸಿನ ಚಿತ್ರ ಬಿಡಿಸಿದ್ದೆವು. ಘೋಷಣೆಯಾಯಿತು, ಚಿತ್ರವಾಯಿತು, ಗುಜ್ಜೆಯನ್ನು ಲಾರಿಗೆ ತುಂಬುವ ವ್ಯಾಪಾರಿ ಕೊಡುವ ದುಡ್ಡು ಹೆಚ್ಚಾದದ್ದು ನಾವು ಕಾಣಲಿಲ್ಲ.

ಬಾವ್ ಎಂದರೆ ಆವಿಯಲ್ಲಿ ಬೇಯಿಸಿದ ಮೈದಾ ಬನ್ನು, ಮಡಚಿದ ಎಲೆಯ ಹಾಗೆ. ಚೀನಾದ ಫೂಜಿಯಾನ್ ಮತ್ತು ತೈವಾನ್ ಕಡೆಯದು. ಬಾಯಿಗಿಟ್ಟರೆ ಮೆತ್ತಗೆ, ಸ್ವಲ್ಪ ಸಿಹಿ. ಗುಜ್ಜೆಯ ಎಳೆಎಳೆಯಾದ ಗುಣಕ್ಕೆ ಮೆಣಸು ಹಿಡಿದುಕೊಂಡು ಚೆನ್ನಾಗಿಯೇ ಇತ್ತು. ನ್ಯಾಯವಾಗಿ ಹೇಳಬೇಕೆಂದರೆ ನಮ್ಮ ಮನೆಯ ಗುಜ್ಜೆ ಪಲ್ಯಕ್ಕೆ ಅದು ಸಮವಲ್ಲ. ತೆಂಗಿನೆಣ್ಣೆಯ ಒಗ್ಗರಣೆ ಇಲ್ಲದೆ ಗುಜ್ಜೆಗೆ ಜೀವ ಬರುವುದಿಲ್ಲ ಎಂಬುದು ನಮ್ಮ ಖಡಾಖಂಡಿತ ಅಭಿಪ್ರಾಯ. ಕಿಮ್ಚಿ ಎಂದು ಒಂದು ಕೊಟ್ಟರು, ಉಪ್ಪುಮೆಣಸಿನಲ್ಲಿ ಹುಳಿ ಬರಿಸಿದ ಕೋಸು. ಮಳೆಗಾಲಕ್ಕೆಂದು ಭರಣಿಯಲ್ಲಿ ಉಪ್ಪಿಗೆ ಹಾಕಿಡುವ ಹಲಸಿನ ಸೊಳೆಯನ್ನು ತಿಂದವರಿಗೆ ಅದರ ವಾಸನೆ ಹೊಸತಲ್ಲ. ಥಾಯ್ ಹಸಿರು ಕರಿಯಲ್ಲಿ ತೆಂಗಿನ ಹಾಲು, ಮಜ್ಜಿಗೆ ಹುಲ್ಲು. ಅದೊಂದು ನಮಗೆ ನಿಜವಾಗಿ ಇಷ್ಟವಾದದ್ದು, ಅನ್ನಕ್ಕೆ ಕಲಸಿ ಉಣ್ಣುವ ಹಾಗಿತ್ತು, ಉಂಡೆವು ಕೂಡ.

ಅಷ್ಟರಲ್ಲಿ ನಮ್ಮ ಹುಡುಗ ಬಂದ. ಕಾಲಿಗೆ ರಬ್ಬರಿನ ಗಂಬೂಟು, ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. "ಕಾಲು ಮುಟ್ಟಬೇಡ ಮಾರಾಯ, ನೀನೇ ಜಾರಿ ಬೀಳ್ತಿ" ಎಂದರೂ ಬಗ್ಗಿದ. ಶಾಲೆ ಮುಗಿಸಿ ಮಂಗಳೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಬಿಎಸ್ಸಿ ಮಾಡಿದವನು. ಈಗ ಇಲ್ಲಿ ಬಿಯರ್ ಕುದಿಸುವವರಲ್ಲಿ ಎರಡನೆಯವನು. "ಹೆಸರಿಗೆ ಬ್ರೂವರ್ ಸರ್. ಮುಕ್ಕಾಲು ಪಾಲು ತೊಳೆಯುವ ಕೆಲಸವೇ. ಹಂಡೆ ತೊಳೆಯುವುದು, ಪೈಪು ತೊಳೆಯುವುದು. ಬೇಡದ ಒಂದು ಬ್ಯಾಕ್ಟೀರಿಯಾ ಒಳಗೆ ಹೋದರೆ ಸಾವಿರ ಲೀಟರ್ ಚರಂಡಿಗೆ."

ಗಾಜಿನಾಚೆ ಕರೆದುಕೊಂಡು ಹೋಗಿ ತೋರಿಸಿದ. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸಿದ್ದು ಮಾಲ್ಟ್. ಅದು ಚೀಲದಲ್ಲಿ ಬರುತ್ತದೆ. ನುಚ್ಚು ಮಾಡಿ ಸುಮಾರು 65 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಪಿಷ್ಟವೆಲ್ಲ ಸಕ್ಕರೆಯಾಗುತ್ತದೆ. ಸೋಸಿ, ಹಾಪ್ಸ್ ಎಂಬ ಬಳ್ಳಿಯ ಹೂವು ಹಾಕಿ ಒಂದು ಗಂಟೆಗೂ ಮೇಲೆ ಕುದಿಸಬೇಕು. ಕಹಿ ಬರುವುದು ಅದರಿಂದ. ತಣಿಸಿ ಯೀಸ್ಟ್ ಹಾಕಿದರೆ ಅದು ಸಕ್ಕರೆ ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಏಲ್ ಎಂಬ ಜಾತಿಗೆ ಒಂದೆರಡು ವಾರ ಸಾಕು, ಲಾಗರ್‌ಗೆ ತಂಪಿನಲ್ಲಿ ಹಲವು ವಾರ. ಸೋಸಿ ಉಳಿದ ಚರಟ ದನದ ಹಟ್ಟಿಗೆ ಹೋಗುತ್ತದೆ. ಅದನ್ನು ಕೇಳಿ ನಮಗೆ ಸ್ವಲ್ಪ ಸಮಾಧಾನ. ದನಗಳಿಗಾದರೂ ಹಾನಿಯಿಲ್ಲವಲ್ಲ.

ಇದನ್ನೆಲ್ಲ ಅವನು ಹೇಳಿದ್ದು ಶುದ್ಧ ಪಠ್ಯಪುಸ್ತಕದ ಕನ್ನಡದಲ್ಲಿ. ಪಿಷ್ಟ, ಹುದುಗುವಿಕೆ, ಕಿಣ್ವ. ಜೊತೆಗಿದ್ದ ಹುಡುಗರು ನಕ್ಕರು. ಅವನು ನಗಲಿಲ್ಲ. "ಟೀಚರ್, ಅನ್ನ ಜಗಿದು ಜಗಿದು ಸಿಹಿಯಾಗುವವರೆಗೆ ಬಾಯಲ್ಲಿ ಇಟ್ಟುಕೊಳ್ಳಿ ಅಂತ ನೀವು ಹೇಳಿದ್ದಿರಿ. ಜೊಲ್ಲಿನ ಕಿಣ್ವ ಪಿಷ್ಟವನ್ನು ಒಡೆಯುತ್ತದೆ ಅಂತ. ಈ ಹಂಡೆಯಲ್ಲಿ ಆಗುವುದೂ ಅದೇ. ಇಂಟರ್ವ್ಯೂನಲ್ಲಿ ಇಂಗ್ಲಿಷ್ ಶಬ್ದ ಬಾಯಿಗೆ ಬರದೆ ಅದನ್ನೇ ಹೇಳಿದೆ. ಕೆಲಸ ಕೊಟ್ಟರು."

ಕಿಣ್ವ ಎಂಬ ಶಬ್ದದ ಬಗ್ಗೆ ಇಲ್ಲೊಂದು ಮಾತು ಹೇಳಲೇಬೇಕು. ಎನ್‌ಜೈಮ್ ಎಂಬುದಕ್ಕೆ ನಾವು ಪಾಠದಲ್ಲಿ ಬಳಸುವ ಈ ಶಬ್ದವನ್ನು ಯಾರೋ ಕುಳಿತು ಹೊಸೆದದ್ದಲ್ಲ. ಸಂಸ್ಕೃತದಲ್ಲಿ ಅದರ ಮೂಲ ಅರ್ಥವೇ ಸುರೆಗೆ ಹಾಕುವ ಹೆಪ್ಪು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆ ಮಾಡುವ ಕ್ರಮ ಹೇಳುವಲ್ಲಿ ಕಿಣ್ವ ಬರುತ್ತದೆ. ಇಂಗ್ಲಿಷಿನ ಶಬ್ದವೂ ಹಾಗೆಯೇ. 1870ರ ದಶಕದಲ್ಲಿ ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ ಅದನ್ನು ಕಟ್ಟಿದ್ದು 'ಹುದುಗಿನೊಳಗೆ' ಎಂಬ ಅರ್ಥದ ಗ್ರೀಕ್ ಮಾತಿನಿಂದ. 1516ರಲ್ಲಿ ಬವೇರಿಯಾದ ದೊರೆಗಳು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇಷ್ಟೇ ಹಾಕಬೇಕೆಂದು ಕಾನೂನು ಮಾಡಿದಾಗ ಯೀಸ್ಟಿನ ಹೆಸರನ್ನೇ ಎತ್ತಿರಲಿಲ್ಲ, ಅದರ ಕೆಲಸ ಆಗ ಯಾರಿಗೂ ತಿಳಿದಿರಲಿಲ್ಲ. ಪಾಶ್ಚರ್ ಬಿಯರಿನ ಮೇಲೊಂದು ಇಡೀ ಪುಸ್ತಕ ಬರೆದದ್ದು 1876ರಲ್ಲಿ. ಯೀಸ್ಟನ್ನು ಅರೆದು ಹಿಂಡಿದ ರಸವೂ ಸಕ್ಕರೆಯನ್ನು ಹುದುಗಿಸುತ್ತದೆ, ಜೀವವಿರುವ ಕೋಶವೇ ಬೇಕೆಂದಿಲ್ಲ ಎಂದು ಬುಕ್ನರ್ 1897ರಲ್ಲಿ ತೋರಿಸಿ ಮುಂದೆ ನೊಬೆಲ್ ಪಡೆದರು. ವಿಜ್ಞಾನದ ಟೀಚರ್ ಇದನ್ನೆಲ್ಲ ಅಲ್ಲಿಯೇ ನಿಂತು ಹೇಳಿದರು. ಪಿಎಚ್ ಎಂಬ ಅಳತೆಯೂ 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪೆನಿಯ ಪ್ರಯೋಗಾಲಯದಲ್ಲಿ ಹುಟ್ಟಿದ್ದೆಂದು ಸೇರಿಸಿದರು.

ಗಣಿತದವರು ಬಿಡುತ್ತಾರೆಯೇ? ಸಂಖ್ಯಾಶಾಸ್ತ್ರದ ಟಿ-ಪರೀಕ್ಷೆ ಕೂಡ ಡಬ್ಲಿನ್ನಿನ ಗಿನ್ನೆಸ್ ಬ್ರೂವರಿಯ ಕೂಸು. ಅಲ್ಲಿ ಕೆಲಸಕ್ಕಿದ್ದ ಗಾಸೆಟ್ 1908ರಲ್ಲಿ ಅದನ್ನು ಪ್ರಕಟಿಸಿದರು. ಕಂಪೆನಿಯವರು ನೌಕರರಿಗೆ ಸ್ವಂತ ಹೆಸರಿನಲ್ಲಿ ಬರೆಯಲು ಬಿಡುತ್ತಿರಲಿಲ್ಲ. ಅದಕ್ಕೆ 'ಸ್ಟೂಡೆಂಟ್' ಎಂದು ಸಹಿ ಹಾಕಿದರು. ಇಂದಿಗೂ ಅದು ಸ್ಟೂಡೆಂಟನ ಟಿ-ಪರೀಕ್ಷೆಯೇ. "ಹೆಸರು ಅಡಗಿಸಿ ಕೆಲಸ ಮಾಡಿದವನು" ಎಂದು ಗಣಿತದವರು ಹೇಳುವಾಗ ನಮ್ಮ ಹುಡುಗ ಯಾಕೋ ಪೈಪಿನ ಕಡೆ ತಿರುಗಿದ. ಕಾರಣ ಆಮೇಲೆ ತಿಳಿಯಿತು.

ಮೇಜಿಗೆ ಚಿಕ್ಕ ಚಿಕ್ಕ ಲೋಟಗಳಲ್ಲಿ ನಾಲ್ಕು ಬಗೆ ತಂದಿಟ್ಟ. ನಮ್ಮಲ್ಲಿ ಇಬ್ಬರು ಮುಟ್ಟಲಿಲ್ಲ, ಒಬ್ಬರು ರುಚಿ ನೋಡಿದರು. ಯಾರೆಂದು ಕೇಳಬೇಡಿ. ಮುಟ್ಟದವರೂ ಮೂಸಿ ನೋಡಿದೆವು. ಗೋಧಿಯ ಬಿಯರಿನಲ್ಲಿ ಸ್ಪಷ್ಟವಾಗಿ ಬಾಳೆಹಣ್ಣಿನ ಪರಿಮಳ, ಹಿಂದೆ ಲವಂಗ. ಬಾಳೆಹಣ್ಣೂ ಹಾಕಿಲ್ಲ, ಲವಂಗವೂ ಹಾಕಿಲ್ಲ, ಎಲ್ಲ ಯೀಸ್ಟಿನ ಕರಾಮತ್ತು. ಬೆಲ್ಜಿಯಂ ರೀತಿಯದ್ದಕ್ಕೆ ಮಾತ್ರ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕುತ್ತಾರಂತೆ. ಕೊತ್ತಂಬರಿ ಎಂದರೆ ಸಾರಿಗೆ ಎಂದುಕೊಂಡವರು ನಾವು! ಇನ್ನೊಂದು ಬಹಳ ಕಹಿ. ಅದರ ಹೆಸರು ಇಂಡಿಯಾ ಪೇಲ್ ಏಲ್. ಬ್ರಿಟಿಷರು ಹಡಗಿನಲ್ಲಿ ಇಲ್ಲಿನ ತಮ್ಮವರಿಗೆ ಕಳುಹಿಸುತ್ತಿದ್ದ, ಹಾಪ್ಸ್ ಜಾಸ್ತಿ ಹಾಕಿದ ಬಿಯರಿನ ವಂಶದ್ದು. ಹೆಸರಲ್ಲಿ ಇಂಡಿಯಾ ಉಂಟು, ಕುಡಿದವರು ಇಂಡಿಯಾದವರಲ್ಲ.

ಯಾವ ತಿಂಡಿಗೆ ಯಾವುದು ಎಂಬುದರಲ್ಲಿ ಅವರಿಗೊಂದು ಶಾಸ್ತ್ರವೇ ಇದೆ. ಖಾರದ ಗುಜ್ಜೆಗೆ ಆ ಕಹಿ ಬಿಯರ್ ಕೊಡಬಾರದು, ಕಹಿಯೂ ಮದ್ಯಸಾರವೂ ಖಾರವನ್ನು ಇನ್ನಷ್ಟು ಎಬ್ಬಿಸುತ್ತವೆ. ಗೋಧಿಯದ್ದು ಕೊಟ್ಟರೆ ನಾಲಿಗೆ ತಣ್ಣಗಾಗುತ್ತದೆ. ಎಣ್ಣೆಯಲ್ಲಿ ಕರಿದದ್ದಕ್ಕೆ ಕಹಿಯದ್ದೇ ಸರಿ, ನೊರೆಯೂ ಕಹಿಯೂ ಸೇರಿ ಬಾಯಿಯ ಜಿಡ್ಡು ತೆಗೆಯುತ್ತವೆ. ಮೆಣಸಿನ ಖಾರ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಥಾಯ್ ಕರಿಗೆ ತೆಂಗಿನ ಹಾಲು ಬೇಕಾದದ್ದು ಅದಕ್ಕೂ ಹೌದು. ಊಟದ ಕೊನೆಗೆ ಮಜ್ಜಿಗೆ ಬಡಿಸುವ ನಮ್ಮ ಅಡಿಗೆಭಟ್ಟರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಬಡಿಸುತ್ತಿದ್ದ ಹುಡುಗ ಕಾಲಿಂಪಾಂಗಿನವನು. "ಸರ್, ಅನ್ನ ಇನ್ನೂ ಸ್ವಲ್ಪ ಹಾಕ್ಲಾ?" ಎಂದು ಕನ್ನಡದಲ್ಲಿಯೇ ಕೇಳಿದ. ಪಕ್ಕದ ಮೇಜಿನ, ಮುಖ ನೋಡಿದರೆ ಮೈಸೂರು ಕಡೆಯವರೆಂದು ಕಾಣುವ ಮನೆಯವರು ಅವನಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ಅವನು ಕನ್ನಡದಲ್ಲಿ ಉತ್ತರಿಸುತ್ತಿದ್ದ. ನಾಲ್ಕು ವರ್ಷದಲ್ಲಿ ಕಲಿತದ್ದಂತೆ. ಅವರ ಕಡೆ ರಾಗಿಯನ್ನು ಕೋದೋ ಎನ್ನುತ್ತಾರೆ, ಅದನ್ನು ಬೇಯಿಸಿ ಹುದುಗಿಸಿ ಬಿದಿರಿನ ಕೊಳಗದಲ್ಲಿ ತುಂಬಿ, ಬಿಸಿನೀರು ಹೊಯ್ದು, ಕೊಳವೆಯಿಂದ ಹೀರುತ್ತಾರೆ. ತೋಂಗ್ಬಾ ಎಂದು ಹೆಸರು. "ನಿಮ್ಮ ರಾಗಿಯೇ ಸರ್. ನೀವು ಮುದ್ದೆ ಮಾಡ್ತೀರಿ, ನಾವು ಹೀಗೆ ಮಾಡ್ತೀವಿ." ನಾವು ಕಾಸರಗೋಡಿನವರು, ಮುದ್ದೆಯವರಲ್ಲ, ರಾಗಿ ಮಣ್ಣಿಯವರು ಎಂದು ತಿದ್ದಿದೆವು. ಕಾಸರಗೋಡು ಎಂದರೆ ಯಾವ ಸ್ಟೇಟು ಎಂದು ಕೇಳಿದ. ಕೇರಳ, ಆದರೆ ನಾವು ಕಲಿಸುವುದು ಕನ್ನಡದಲ್ಲಿ ಎಂದೆವು. ಅವನು ತಟ್ಟೆ ಕೈಯಲ್ಲಿ ಹಿಡಿದು ನಿಂತೇಬಿಟ್ಟ. "ನಮ್ದೂ ಹಾಗೆ ಸರ್. ಸ್ಟೇಟು ಬಂಗಾಳ, ಸ್ಕೂಲು ನೇಪಾಳಿ."

2017 ನೆನಪಿದೆಯಲ್ಲ? ಆ ವರ್ಷದ ಏಪ್ರಿಲಿನಲ್ಲಿ ಕೇರಳದಲ್ಲಿ ಹತ್ತನೆಯ ತರಗತಿಯವರೆಗೆ ಮಲಯಾಳ ಕಡ್ಡಾಯ ಎಂದು ಸುಗ್ರೀವಾಜ್ಞೆ ಬಂದು, ಕಾಸರಗೋಡಿನ ಕನ್ನಡಿಗರೆಲ್ಲ ಬೀದಿಗಿಳಿದರು. ಮುಂದಿನ ತಿಂಗಳೇ ಪಶ್ಚಿಮ ಬಂಗಾಳದಲ್ಲಿ ಶಾಲೆಗಳಿಗೆ ಬಂಗಾಳಿ ಕಡ್ಡಾಯ ಎಂದರು. ಬೆಟ್ಟದವರಿಗೆ ಕಡ್ಡಾಯವಲ್ಲ ಎಂದು ಆಮೇಲೆ ಹೇಳಿದರೂ ಕಿಡಿ ಹತ್ತಿ ಆಗಿತ್ತು, ಹಳೆಯ ಗೂರ್ಖಾಲ್ಯಾಂಡ್ ಬೇಡಿಕೆ ಎದ್ದು ಡಾರ್ಜಿಲಿಂಗ್ ಬೆಟ್ಟಗಳು 104 ದಿನ ಬಂದ್ ಆದವು. ಈ ಹುಡುಗ ಆಗ ಒಂಬತ್ತನೆಯ ತರಗತಿ. ಮೂರು ತಿಂಗಳು ಶಾಲೆಯಿಲ್ಲ, ಅಪ್ಪನಿಗೆ ಚಹಾ ತೋಟದ ಕೂಲಿಯಿಲ್ಲ. ಮತ್ತೆ ಶಾಲೆ ತೆರೆದಾಗ ಅವನು ಸಿಲಿಗುಡಿಯ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದ. ಆ ವರ್ಷ ನಾವು ಧರಣಿ ಕೂತದ್ದು, ಮೆರವಣಿಗೆ ಹೋದದ್ದು ನಮಗೆ ದೊಡ್ಡ ಸಂಗತಿ. ಅದೇ ವರ್ಷ, ಅದೇ ಕಾರಣಕ್ಕೆ ಇನ್ನೊಂದು ಮೂಲೆಯಲ್ಲಿ ಒಬ್ಬ ಹುಡುಗನ ಓದು ನಿಂತಿತ್ತು. ನಾವು ಏನು ಹೇಳುವುದು? ಕನ್ನಡ ಓದಲು ಬರುತ್ತದೆಯೇ ಎಂದು ಕೇಳಿದೆವು. ಬಸ್ಸಿನ ಬೋರ್ಡು ಓದುತ್ತೇನೆ ಎಂದ. ಊರಿಗೆ ಬಂದ ಮೇಲೆ ಒಂದನೆಯ ತರಗತಿಯ ಪುಸ್ತಕವನ್ನು ಅಂಚೆಯಲ್ಲಿ ಕಳುಹಿಸಿದ್ದೇವೆ.

ಹೊರಡುವಾಗ ನಮ್ಮ ಹುಡುಗ ಗೇಟಿನವರೆಗೆ ಬಂದು, ಉಳಿದವರು ಮುಂದೆ ಹೋಗಲಿ ಎಂದು ಕಾದು, ಒಂದು ಮಾತು ಹೇಳಿದ. ಅಮ್ಮನಿಗೆ ಗೊತ್ತಿಲ್ಲ. ಆಹಾರದ ಫ್ಯಾಕ್ಟರಿಯಲ್ಲಿ ಕೆಲಸ ಎಂದು ಹೇಳಿದ್ದಾನೆ, ಮೂರು ವರ್ಷದಿಂದ. ಅವನ ಅಪ್ಪ ಹೇಗೆ ತೀರಿಹೋದರು ಎಂಬುದು ನಮಗೆ ಗೊತ್ತು. ಆಗ ಅವನು ಎಂಟನೆಯ ತರಗತಿ, ಆಸ್ಪತ್ರೆಗೆ ಹೋದ ಜೀಪಿನಲ್ಲಿ ನಮ್ಮಲ್ಲೊಬ್ಬರೂ ಇದ್ದರು. ಪಿತ್ತಕೋಶ ಪೂರ್ತಿ ಹೋಗಿತ್ತು. ಆಮೇಲೆ ಅಮ್ಮ ಬೀಡಿ ಕಟ್ಟಿಯೇ ಇವನನ್ನು ಓದಿಸಿದ್ದು. "ನನಗೆ ಹೇಳ್ಲಿಕ್ಕೆ ಆಗುದಿಲ್ಲ ಟೀಚರ್. ಬೇರೆ ಯಾರೋ ಹೇಳಿ ಗೊತ್ತಾಗುವ ಮೊದಲು ನೀವು ಹೇಳಿ."

ಆ ರಾತ್ರಿ ರೈಲಿನಲ್ಲಿ ನಾವು ಮೂವರೂ ಸರಿಯಾಗಿ ಮಲಗಲಿಲ್ಲ. ಸಾರಾಯಿಯೂ ಬಿಯರೂ ಒಂದೇ ಅಲ್ಲ, ಇದು ಹಗುರ ಎಂದು ಒಬ್ಬರು. ಗಣಿತದವರು ಟಿಕೆಟಿನ ಹಿಂಬದಿಯಲ್ಲಿ ಲೆಕ್ಕ ಬರೆದರು. ಅರ್ಧ ಲೀಟರ್ ಬಿಯರಿನಲ್ಲಿ ಶೇಕಡಾ 5ರಂತೆ ಮದ್ಯಸಾರ 25 ಮಿಲಿಲೀಟರ್. ಬ್ರಾಂಡಿಯ 60 ಮಿಲಿಯ ಒಂದು ಪೆಗ್ಗಿನಲ್ಲಿ ಶೇಕಡಾ 42.8ರಂತೆ 25.7. "ಎಲ್ಲಿ ಹಗುರ?" ಎಂದು ಕೇಳಿದರು. ಉತ್ತರವಿಲ್ಲ. ಆದರೆ ಅವನು ಮಾಡುವುದು ಕಳ್ಳ ಕೆಲಸವಲ್ಲ, ಲೈಸೆನ್ಸ್ ಇದ್ದು, ತೆರಿಗೆ ಕಟ್ಟಿ ಮಾಡುವುದು. ಸಂಬಳದಿಂದ ಮನೆಗೆ ಹಂಚು ಹೊದಿಸಿದ್ದಾನೆ, ತಂಗಿಯನ್ನು ನರ್ಸಿಂಗ್ ಓದಿಸುತ್ತಿದ್ದಾನೆ. ಬೀಡಿ ಕಟ್ಟುವುದು ಕೂಡ ಯಾರದೋ ಶ್ವಾಸಕೋಶಕ್ಕೇ ಅಲ್ಲವೇ ಎಂದು ನಮ್ಮಲ್ಲೊಬ್ಬರು ಹೇಳಿದ್ದು ಯಾರಿಗೂ ಇಷ್ಟವಾಗಲಿಲ್ಲ, ಹೇಳಿದವರಿಗೂ. ಅವನೇ ಹೇಳಬೇಕು, ನಾವು ನಡುವೆ ಹೋಗಬಾರದು ಎಂಬುದು ಗಣಿತದವರ ಅಭಿಪ್ರಾಯ. ಸಕಲೇಶಪುರ ಕಳೆದರೂ ಇತ್ಯರ್ಥವಾಗಲಿಲ್ಲ.

ಕೊನೆಗೆ ಹೋದೆವು, ಎರಡು ಭಾನುವಾರ ಕಳೆದ ಮೇಲೆ. ಆ ತಾಯಿ ಎಂದಿನಂತೆ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದರು. ಕಾಪಿ ಕೊಟ್ಟರು. ವಿಜ್ಞಾನದ ಟೀಚರೇ ಹೇಳಿದರು, ಸುತ್ತು ಬಳಸದೆ, ತುಳುವಿನಲ್ಲಿ. ಬಾರ್ಲಿ, ಹಂಡೆ, ಗಂಬೂಟು, ಎಲ್ಲ. ಅವರ ಬೆರಳು ನಿಲ್ಲಲಿಲ್ಲ. ಎಲೆ ಮಡಚುವುದು, ಹೊಗೆಸೊಪ್ಪು ತುಂಬುವುದು, ನೂಲು ಸುತ್ತುವುದು, ಒಂದಾದ ಮೇಲೊಂದು. ಹತ್ತು ಹದಿನೈದು ಬೀಡಿ ಆದ ಮೇಲೆ ಕೇಳಿದರು.

"ಅವ ಕುಡಿತಾನಾ?"

"ರುಚಿ ನೋಡಬೇಕಾಗ್ತದೆ. ಅದು ಕೆಲಸ. ಅದರಿಂದಾಚೆ ಇಲ್ಲ ಅಂತ ಅವನು ಹೇಳಿದ್ದು" ಎಂದರು ಟೀಚರ್. ನಮಗೆ ಗೊತ್ತಿದ್ದದ್ದು ಅಷ್ಟೇ.

ಮತ್ತೆ ಬೀಡಿ. ಆಮೇಲೆ ಅಲ್ಲಿ ಊಟಕ್ಕೆ ಏನಿತ್ತು ಎಂದು ಕೇಳಿದರು. ಗುಜ್ಜೆ ಎಂದೆವು, ಬೆಲೆಯನ್ನೂ ಹೇಳಿದೆವು. ಅವರು ಮೊದಲ ಬಾರಿಗೆ ತಲೆ ಎತ್ತಿ, ಅಂಗಳದ ಬದಿಯ ಹಲಸಿನ ಮರದ ಕಡೆ ನೋಡಿ, ನಾನೂರ ಇಪ್ಪತ್ತಾ ಎಂದು ಎರಡು ಸಲ ಕೇಳಿದರು. ನಕ್ಕರೋ ಏನೋ, ಸರಿಯಾಗಿ ಕಾಣಲಿಲ್ಲ.

ಎದ್ದು ಹೊರಟಾಗ ಮೆಟ್ಟಿಲವರೆಗೆ ಬಂದರು. "ಟೀಚರ್, ನೀವು ಹೇಳಿದ್ದು ನನಗೆ ಕೇಳಲಿಲ್ಲ. ಅವನೇ ಬಂದು ಹೇಳಲಿ. ಅವನಿಗೆ ಹಾಗೆಯೇ ಹೇಳಿ."

ಹಾಗೆಯೇ ಹೇಳಿದೆವು. ಫೋನಿನ ಆ ಕಡೆ ತುಂಬ ಹೊತ್ತು ಮಾತಿಲ್ಲ, ಹಂಡೆಗೆ ನೀರು ಬೀಳುವ ಸದ್ದು ಮಾತ್ರ. ಬಿಸುವಿಗೆ ಎರಡು ದಿನ ಮೊದಲಿನ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ ಎಂದು ಮೊನ್ನೆ ಅವನಿಂದ ಸಂದೇಶ ಬಂದಿದೆ.